ಪಾಂಗಾಂಗ್ ದಂಡೆಯಲ್ಲಿ ಸೂರ್ಯನಿಗೆ ಬೆನ್ನು ಹಾಕಿ

ಲಡಾಖಿನ ಪಾಂಗಾಂಗ್ ತ್ಸೊ ದಂಡೆಗೆ ಬರುವವರೆಲ್ಲ ಪ್ರವಾಸಿಗರಲ್ಲ. ಗಡಿ ರಸ್ತೆಗಳ ಎಂಜಿನಿಯರುಗಳು, ಸೈನಿಕರು, ಮೊಬೈಲ್ ಗೋಪುರಗಳ ತಂತ್ರಜ್ಞರು, ಸರ್ಕಾರಿ ಇಲಾಖೆಗಳ ನೌಕರರು ಕೆಲಸದ ಮೇಲೆ ಅಲ್ಲಿಗೆ ಬಂದು ಹೋಗುತ್ತಿರುತ್ತಾರೆ. ಬೆಂಗಳೂರಿನಿಂದ ಹೋಗುವವರ ಸಾಲೂ ಒಂದಿದೆ. ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ, ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುತ್ತಿದೆ. ಉಪಗ್ರಹ ಸಂಪರ್ಕದ ಮೂಲಕ ಅದನ್ನು ಆಡಿಸುವ ಕೊಠಡಿ ಇರುವುದು ನಮ್ಮ ಹೊಸಕೋಟೆಯಲ್ಲಿ. ಸೂರ್ಯನನ್ನು ಅಭ್ಯಸಿಸುವ ದೊಡ್ಡ ದೂರದರ್ಶಕವೊಂದಕ್ಕೆ ಇದೇ ಸಂಸ್ಥೆ ಗೊತ್ತುಮಾಡಿಕೊಂಡ ಜಾಗ ಪಾಂಗಾಂಗ್ ದಂಡೆಯ ಮೆರಕ್ ಎಂಬ ಹಳ್ಳಿ. ದೊಡ್ಡ ಜಲರಾಶಿ ನೆಲದಷ್ಟು ಬೇಗ ಕಾಯುವುದಿಲ್ಲವಾದ್ದರಿಂದ ಅದರ ಮೇಲಿನ ಗಾಳಿ ಹಗಲಲ್ಲೂ ಕದಡದೆ ಉಳಿಯುತ್ತದೆ, ಸೂರ್ಯಬಿಂಬ ನಡುಗದೆ ಕಾಣುತ್ತದೆ. ಉದಯಪುರದ ಫತೇಹ್ ಸಾಗರದಲ್ಲಿ, ಕ್ಯಾಲಿಫೋರ್ನಿಯದ ಬಿಗ್ ಬೇರ್ ಸರೋವರದಲ್ಲಿ ಸೌರ ವೀಕ್ಷಣಾಲಯಗಳು ನೀರಿನ ನಡುವೆ ನಿಂತಿರುವುದೂ ಇದೇ ಕಾರಣಕ್ಕೆ. ಹೀಗೆ ಕೆಲಸಕ್ಕೆಂದು ಬಂದವರಿಗೆ ಸರೋವರದ ಎದುರು ಸಿಗುವ ಬಿಡುವು ಬಹಳ ಸಲ ಒಂದೇ ಸಂಜೆಯದು. ಆ ಒಂದು ಸಂಜೆ ಒಳ್ಳೆಯ ಚಿತ್ರ ತೆಗೆಯಬೇಕೆಂದರೆ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಬೇಕು, ಆತ ಮರೆಯಾದ ಮೇಲೂ ದಂಡೆ ಬಿಟ್ಟು ಕದಲಬಾರದು. ಈ ಮಾತನ್ನು ರುಚಿಯ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ಬೆಳಕಿನ ಲೆಕ್ಕದ ಆಧಾರವಿದೆ.

ಸೂರ್ಯಾಸ್ತದ ಚಿತ್ರವೆಂದರೆ ನಮ್ಮ ಮನಸ್ಸಿಗೆ ಬರುವುದು ಕರಾವಳಿಯ ಚಿತ್ರ. ಕಾರವಾರದ ಕಡಲತೀರದಲ್ಲೋ ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಮೇಲೋ ನಿಂತವರು ಪಡುವಣಕ್ಕೆ ಮುಖ ಮಾಡಿ ಕಾಯುತ್ತಾರೆ. ಸೂರ್ಯ ಇಳಿಯುತ್ತ ಹೋದಂತೆ ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ತಿರುಗಿ, ಕೊನೆಗೆ ಬರಿಗಣ್ಣಿಗೂ ತಾಮ್ರದ ತಟ್ಟೆಯಂತೆ ತಂಪಾಗಿ ಕಾಣುತ್ತಾನೆ. ಅಲ್ಲಿ ಸೂರ್ಯನೇ ಚಿತ್ರದ ನಾಯಕ. ಕ್ಯಾಮೆರಾ ಅವನತ್ತ ತಿರುಗಿದರೆ ಸಾಕು, ಅರ್ಧ ಕೆಲಸ ಮುಗಿದಂತೆ. ಕಣ್ಣಿಗೆ ಇದೇ ಅಭ್ಯಾಸವಾದವರು ಪಾಂಗಾಂಗ್‌ಗೆ ಹೋದಾಗಲೂ ಪಶ್ಚಿಮಕ್ಕೇ ತಿರುಗುತ್ತಾರೆ. ಚಿತ್ರದಲ್ಲಿ ಬರುವುದು ಮಾತ್ರ ಬೇರೆ. ಬೆಟ್ಟದಂಚಿನಲ್ಲಿ ಬಿಳಿಯ ಉರಿ, ಅದರ ಸುತ್ತ ಬಣ್ಣ ಕಳೆದುಕೊಂಡ ಆಕಾಶ, ಕೆಳಗೆ ಗುರುತೇ ಸಿಗದ ಕಪ್ಪು ಬೆಟ್ಟ, ಅದಕ್ಕಿಂತ ಕಪ್ಪಾದ ನೀರು. ಕ್ಯಾಮೆರಾ ಸರಿಯಿಲ್ಲವೆಂದು ಅಂದುಕೊಂಡು ಜನ ಕಾರು ಹತ್ತುತ್ತಾರೆ. ಕರಾವಳಿಯಲ್ಲಿ ಕಲಿತ ಪಾಠವನ್ನು ನಾಲ್ಕು ಸಾವಿರ ಮೀಟರ್ ಎತ್ತರಕ್ಕೆ ಹಾಗೆಯೇ ಒಯ್ದದ್ದರಿಂದ ಹೀಗಾಯಿತೇ ಹೊರತು ಕ್ಯಾಮೆರಾದ ದೋಷದಿಂದಲ್ಲ.

ಮೊದಲು ಸಮಯದ ಲೆಕ್ಕ ನೋಡೋಣ. ಫೋನು ತೋರಿಸುವ ಸೂರ್ಯಾಸ್ತದ ಹೊತ್ತು ಸಮತಟ್ಟಾದ ದಿಗಂತಕ್ಕೆ ಹಾಕಿದ ಲೆಕ್ಕ. ಪಾಂಗಾಂಗ್‌ನಲ್ಲಿ ಅದು ಜೂನ್ ಕೊನೆಗೆ ಸುಮಾರು ಏಳೂವರೆ, ಡಿಸೆಂಬರ್ ಕೊನೆಗೆ ಐದೂಕಾಲರ ಆಸುಪಾಸು. ಆದರೆ ಸ್ಪಂಗ್ಮಿಕ್, ಮಾನ್, ಮೆರಕ್ ಹಳ್ಳಿಗಳಿರುವುದು ಸರೋವರದ ನೈಋತ್ಯ ದಂಡೆಯಲ್ಲಿ. ಅವುಗಳ ಬೆನ್ನಿಗೇ 6,000 ಮೀಟರ್ ದಾಟುವ ಶಿಖರಗಳಿರುವ ಪಾಂಗಾಂಗ್ ಪರ್ವತಸಾಲು ಎದ್ದು ನಿಂತಿದೆ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಸೂರ್ಯ ಇಳಿಯುವ ಕಡೆ ಬೆಟ್ಟ ಒಂದು ಮುಷ್ಟಿಯಷ್ಟು ಎತ್ತರವಿದ್ದರೆ, ಆ ಅಕ್ಷಾಂಶದಲ್ಲಿ ಆತ ಫೋನು ಹೇಳಿದ ಹೊತ್ತಿಗಿಂತ ಮುಕ್ಕಾಲು ಗಂಟೆಗೂ ಹೆಚ್ಚು ಮುಂಚೆ ಮರೆಯಾಗುತ್ತಾನೆ. ಮುಷ್ಟಿಯ ಅರ್ಧದಷ್ಟಿದ್ದರೂ ಇಪ್ಪತ್ತೈದು ನಿಮಿಷ ಕಳೆದುಹೋಗುತ್ತದೆ. ಎಷ್ಟು ಮುಂಚೆ ಎಂಬುದು ನಿಂತ ಜಾಗ ಮತ್ತು ತಿಂಗಳಿನ ಮೇಲೆ ನಿಂತಿದೆ. ಜೂನ್ ಕೊನೆಯ ಸಂಜೆ ಆರು ಗಂಟೆ ಮೂವತ್ತೈದಕ್ಕೆ ಸೂರ್ಯ ಕಾಣೆಯಾದಾಗ ಎಲ್ಲ ಮುಗಿಯಿತೆಂದು ಹೊರಟವರು ನಿಜವಾದ ಸೂರ್ಯಾಸ್ತಕ್ಕೆ ಇನ್ನೂ ಸುಮಾರು ಒಂದು ಗಂಟೆ ಬಾಕಿಯಿರುವಾಗಲೇ ಹೊರಟಿರುತ್ತಾರೆ.

ಇನ್ನು ಬಣ್ಣದ ಲೆಕ್ಕ. ಸೂರ್ಯ ಕೆಂಪಾಗುವುದು ಗಾಳಿಯಿಂದ. ಗಾಳಿಯ ಅಣುಗಳು ನೀಲಿ ಬೆಳಕನ್ನು ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರಿಸುತ್ತವೆ. ಬೆಳಕು ಸಾಗುವ ಗಾಳಿಯ ಹಾದಿ ಉದ್ದವಾದಷ್ಟೂ ನೀಲಿ ಸೋರಿಹೋಗಿ ಕೆಂಪು ಉಳಿಯುತ್ತದೆ. ಕಡಲಿನ ಅಂಚಿನಲ್ಲಿ ಮುಳುಗುವ ಸೂರ್ಯನ ಕಿರಣ ನೆತ್ತಿಯ ಸೂರ್ಯನ ಕಿರಣಕ್ಕಿಂತ ಸುಮಾರು 38 ಪಟ್ಟು ಗಾಳಿಯನ್ನು ದಾಟಿ ಬರುತ್ತದೆ, ಜೊತೆಗೆ ಕರಾವಳಿಯ ತೇವ, ಉಪ್ಪಿನ ಕಣ, ಹೊಗೆ, ಧೂಳನ್ನೂ ದಾಟುತ್ತದೆ. ಪಾಂಗಾಂಗ್ ಇರುವುದು ಸುಮಾರು 4,250 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಕಡಲಮಟ್ಟದ ಶೇಕಡ 60ರಷ್ಟು ಮಾತ್ರ. ಹತ್ತು ಡಿಗ್ರಿ ಎತ್ತರದಲ್ಲಿರುವಾಗಲೇ ಬೆಟ್ಟದ ಹಿಂದೆ ಸರಿಯುವ ಸೂರ್ಯನ ಕಿರಣ ದಾಟುವ ಗಾಳಿ, ಕಾರವಾರದ ಸಂಜೆಯ ಕಿರಣ ದಾಟುವುದರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಹೀಗಿರುವಾಗ ಅಲ್ಲಿನ ಸೂರ್ಯ ಕೆಂಪಾಗಲು, ತಂಪಾಗಲು ಸಾಧ್ಯವೇ ಇಲ್ಲ. ಆತ ಮರೆಯಾಗುವ ಕ್ಷಣದಲ್ಲೂ ಕಣ್ಣು ಕುಕ್ಕುತ್ತಾನೆ. ಒಳ್ಳೆಯ ಕ್ಯಾಮೆರಾದ ಸೆನ್ಸರ್ ಒಂದೇ ಚಿತ್ರದಲ್ಲಿ 14 ಸ್ಟಾಪ್‌ಗಳ ಆಸುಪಾಸಿನ ಬೆಳಕಿನ ಅಂತರವನ್ನು ಹಿಡಿದೀತು; ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು. ಅಂತಹ ಸೂರ್ಯಬಿಂಬಕ್ಕೂ ನೆರಳಿನಲ್ಲಿರುವ ಬಂಡೆಗೂ ಇರುವ ಅಂತರ 20 ಸ್ಟಾಪ್‌ಗಳನ್ನೂ ಮೀರುತ್ತದೆ. ಯಾವುದೋ ಒಂದು ಬಲಿಯಾಗಲೇಬೇಕು, ಸಾಮಾನ್ಯವಾಗಿ ಎರಡೂ ಬಲಿಯಾಗುತ್ತವೆ.

ಅದೇ ಹೊತ್ತಿನಲ್ಲಿ ಬೆನ್ನ ಹಿಂದೆ ಏನು ನಡೆಯುತ್ತಿರುತ್ತದೆ ಎಂಬುದನ್ನು ನೋಡಬೇಕು. ಸ್ಪಂಗ್ಮಿಕ್ ನೆರಳಿಗೆ ಬಿದ್ದ ಮೇಲೂ ಎದುರು ದಂಡೆಯ ಬೆಟ್ಟಗಳ ಮೇಲೆ ಬಿಸಿಲಿರುತ್ತದೆ. ಪಾಂಗಾಂಗ್ ಸಾಲಿನ ನೆರಳು ಮೊದಲು ಹಳ್ಳಿಯನ್ನು, ಆಮೇಲೆ ದಂಡೆಯನ್ನು, ಆಮೇಲೆ ನೀರನ್ನು ದಾಟಿ ಎದುರು ಬೆಟ್ಟದ ಬುಡ ಮುಟ್ಟಿ ಮೇಲೇರುತ್ತದೆ. ಎದುರಿನ ಶಿಖರದಿಂದ ನೋಡಿದರೆ ಪಡುವಣದ ಸಾಲು ಹೆಚ್ಚು ದೂರ, ಹೆಚ್ಚು ತಗ್ಗು; ಹಾಗಾಗಿ ಅದಕ್ಕೆ ಕೊನೆಯವರೆಗೆ ಸಿಗುವ ಕಿರಣಗಳು ಇನ್ನೂ ಓರೆಯಾಗಿ, ಇನ್ನೂ ಹೆಚ್ಚು ಗಾಳಿಯನ್ನು ದಾಟಿ ಬಂದವು. ದಂಡೆಯ ಮೇಲೆ ನಿಂತವರಿಗೆ ಸೂರ್ಯನಲ್ಲಿ ಕಾಣದ ಹೊಂಬಣ್ಣವೂ ಕೆಂಪೂ ಎದುರು ಶಿಖರದ ಮೇಲೆ ಕಾಣುವುದು ಈ ಕಾರಣದಿಂದ. ಆ ಬೆಟ್ಟಗಳ ಮೇಲೆ ಕಾಡಿಲ್ಲ. ಪಶ್ಚಿಮ ಘಟ್ಟದ ಕಡುಹಸಿರು ಸಂಜೆಗೆಂಪನ್ನು ನುಂಗಿಬಿಡುತ್ತದೆ. ಲಡಾಖಿನ ಕಂದು, ತುಕ್ಕುಗೆಂಪು, ಬೂದು ಬಣ್ಣದ ಬರಿಬಂಡೆ ಬಿದ್ದ ಬೆಳಕನ್ನು ಅದರ ಬಣ್ಣದಲ್ಲೇ ಹಿಂದಿರುಗಿಸುತ್ತದೆ. ಓರೆ ಬೆಳಕು ಪ್ರತಿಯೊಂದು ಕೊರಕಲಿಗೂ ನೆರಳಿನ ಗೆರೆ ಕೊಡುವುದರಿಂದ ಮಧ್ಯಾಹ್ನ ಚಪ್ಪಟೆಯಾಗಿ ಕಂಡ ಬೆಟ್ಟಕ್ಕೆ ಈಗ ಮಡಿಕೆಗಳು ಹುಟ್ಟುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಬಿಸಿಲು ಬಿದ್ದ ಶಿಖರ, ಅದರ ಹಿಂದಿನ ಆಕಾಶ, ಕೆಳಗಿನ ನೀರು, ಇವುಗಳ ನಡುವಿನ ಬೆಳಕಿನ ಅಂತರ ಯಾವ ಸಾಧಾರಣ ಕ್ಯಾಮೆರಾಕ್ಕೂ ನಿಲುಕುವಷ್ಟಿರುತ್ತದೆ. ದುಬಾರಿ ಉಪಕರಣ ಬೇಕಿಲ್ಲ.

ಶಿಖರದ ಬೆಳಕೂ ಆರಿದ ಮೇಲೆ ಶುರುವಾಗುವ ಭಾಗವನ್ನು ನೋಡುವವರು ಬಹಳ ಕಡಿಮೆ. ನನ್ನ ಮಟ್ಟಿಗೆ ಅದೇ ಸಂಜೆಯ ಸಾರ. ಮೂಡಣದ ಬಾನಂಚಿನಲ್ಲಿ ಬೂದುನೀಲಿಯ ಪಟ್ಟಿಯೊಂದು ಏಳುತ್ತದೆ. ಅದು ಮೋಡವೂ ಅಲ್ಲ, ಮಂಜೂ ಅಲ್ಲ, ವಾತಾವರಣದ ಮೇಲೆ ಬಿದ್ದ ಭೂಮಿಯದೇ ನೆರಳು. ಅದರ ಮೇಲಂಚಿಗೆ ಅಂಟಿದಂತೆ ನಸುಗೆಂಪು ಪಟ್ಟಿಯಿರುತ್ತದೆ. ಉದ್ದ ಹಾದಿ ಸವೆಸಿ ಕೆಂಪಾದ ಬೆಳಕನ್ನು ಆ ಎತ್ತರದ ಗಾಳಿಯೂ ಧೂಳೂ ನಮ್ಮತ್ತ ಹಿಂದಕ್ಕೆ ಚದುರಿಸಿದ್ದರ ಫಲ ಅದು. ಬಯಲುಸೀಮೆಯ ಮಬ್ಬಿನಲ್ಲಿ ಇದು ಮಸುಕಾಗುತ್ತದೆ, ಲಡಾಖಿನ ಒಣ ಗಾಳಿಯಲ್ಲಿ ಗೆರೆ ಎಳೆದಷ್ಟು ಸ್ಪಷ್ಟ. ಬೇಸಿಗೆಯಲ್ಲಿ ಸೂರ್ಯ ಪಶ್ಚಿಮ ವಾಯವ್ಯಕ್ಕೆ ಮುಳುಗುವುದರಿಂದ ಈ ಪಟ್ಟಿಯ ನಡುಭಾಗ ಅದರ ನೇರ ಎದುರಿಗೆ, ಪೂರ್ವ ಆಗ್ನೇಯಕ್ಕೆ ಬರುತ್ತದೆ. ಲುಕುಂಗ್‌ನಿಂದ ಮೆರಕ್ ಕಡೆಗೆ ಸರೋವರ ಚಾಚಿಕೊಂಡಿರುವುದೂ ಹೆಚ್ಚುಕಡಿಮೆ ಅದೇ ದಿಕ್ಕಿಗೆ. ಬೆಟ್ಟಗಳು ಎರಡೂ ಬದಿಗೆ ಸರಿದು ನೀರು ಉದ್ದಕ್ಕೆ ತೆರೆದುಕೊಳ್ಳುವ ಕಡೆಗೇ ಬಣ್ಣ ಮೂಡುವುದು ಆ ಜಾಗದ ಭಾಗ್ಯ. ಆಮೇಲೆ ಬರುವ ಕಡುನೀಲಿಗೂ ಕಾರಣವಿದೆ. ಮುಸ್ಸಂಜೆಯ ನೆತ್ತಿಯ ನೀಲಿಗೆ ಗಾಳಿಯ ಚದುರಿಕೆಯೊಂದೇ ಸಾಲದು, ಹಳದಿ-ಕಿತ್ತಳೆಯನ್ನು ಹೀರುವ ಓಝೋನ್ ಪದರದ ಪಾಲೇ ದೊಡ್ಡದು ಎಂದು ಅಮೆರಿಕದ ಭೌತವಿಜ್ಞಾನಿ ಎಡ್ವರ್ಡ್ ಹಲ್ಬರ್ಟ್ 1953ರಲ್ಲಿ ತೋರಿಸಿದರು. ಹಗಲಿನ ನೀಲಿ ಬೇರೆ, ಈ ನೀಲಿ ಬೇರೆ; ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುವುದಿಲ್ಲ. ಬೆಂಗಳೂರಿನವರು ಇಲ್ಲಿ ಇನ್ನೊಂದು ಸಂಗತಿ ನೆನಪಿಡಬೇಕು. ಸೂರ್ಯ ದಿಗಂತಕ್ಕಿಳಿದ ಮೇಲೆ ಕೆಲಸಕ್ಕೆ ಬರುವಷ್ಟು ಬೆಳಕು ನಮ್ಮಲ್ಲಿ ಉಳಿಯುವುದು 21ರಿಂದ 23 ನಿಮಿಷ. ಪಾಂಗಾಂಗ್‌ನ ಅಕ್ಷಾಂಶದಲ್ಲಿ 25ರಿಂದ 30 ನಿಮಿಷ. ಇನ್ನೇನು ಕತ್ತಲಾಯಿತೆಂದು ನಮಗೆ ಅನ್ನಿಸುವ ಹೊತ್ತಿಗೆ ಅಲ್ಲಿ ಸಂಜೆ ಇನ್ನೂ ನಡೆಯುತ್ತಿರುತ್ತದೆ.

ನೀರಿನ ಮಾತಿಗೆ ಬರೋಣ. ಅದಿಲ್ಲದಿದ್ದರೆ ಇದು ಬರೀ ಬೆಟ್ಟದ ಚಿತ್ರ. ನೀರಿನ ಮೇಲ್ಮೈ ಎಷ್ಟು ಬೆಳಕನ್ನು ಪ್ರತಿಫಲಿಸುತ್ತದೆ ಎಂಬುದು ನೋಟದ ಕೋನವನ್ನು ಅವಲಂಬಿಸಿದೆ. ನೇರ ಕೆಳಗೆ ನೋಡಿದರೆ ಬಿದ್ದ ಬೆಳಕಿನ ಶೇಕಡ 2ರಷ್ಟು ಮಾತ್ರ ಹಿಂದಿರುಗುತ್ತದೆ, ಉಳಿದದ್ದು ಒಳಗಿಳಿಯುತ್ತದೆ. ನಲವತ್ತೈದು ಡಿಗ್ರಿ ಓರೆಯಲ್ಲೂ ಶೇಕಡ 3 ದಾಟುವುದಿಲ್ಲ. ಆದರೆ ನೋಟ ಮೇಲ್ಮೈಗೆ ಹತ್ತು ಡಿಗ್ರಿಯಷ್ಟು ಸವರಿಕೊಂಡು ಹೋದಾಗ ಶೇಕಡ 35, ಐದು ಡಿಗ್ರಿಗಿಳಿದಾಗ ಶೇಕಡ 58ರಷ್ಟು ಬೆಳಕು ವಾಪಸಾಗುತ್ತದೆ. ಒಂದೂವರೆ ಮೀಟರ್ ಎತ್ತರದಲ್ಲಿ ಕ್ಯಾಮೆರಾ ಹಿಡಿದವರಿಗೆ ಕಾಲ ಬಳಿಯ ನೀರಿನಲ್ಲಿ ತಳದ ಕಲ್ಲುಗಳು ಕಾಣುತ್ತವೆ. ಎಂಟೊಂಬತ್ತು ಮೀಟರ್ ಆಚೆಗೆ ಆಕಾಶ ಮೇಲುಗೈ ಪಡೆಯತೊಡಗುತ್ತದೆ. ಕ್ಯಾಮೆರಾವನ್ನು ಮಂಡಿಯ ಮಟ್ಟಕ್ಕೆ, ಇನ್ನೂ ಕೆಳಗೆ ಇಳಿಸಿದರೆ ಆ ಗಡಿ ನಮ್ಮತ್ತ ಸರಿದು ಬಂದು, ಚಿತ್ರದ ಮುಕ್ಕಾಲು ಪಾಲು ನೀರು ನಸುಗೆಂಪು ಪಟ್ಟಿಯನ್ನೂ ಶಿಖರವನ್ನೂ ಹೊತ್ತು ನಿಲ್ಲುತ್ತದೆ. ಎತ್ತರದ ದಿಬ್ಬ ಹುಡುಕಿ ಹತ್ತುವವರು ಹಗಲಿನ ನೀಲಿ ಸರೋವರದ ಚಿತ್ರಕ್ಕೆ ಸರಿಯಾದ ಕೆಲಸವನ್ನೇ ಮಾಡುತ್ತಿದ್ದಾರೆ, ಸಂಜೆಯ ಚಿತ್ರಕ್ಕೆ ಮಾತ್ರ ಅದು ತಪ್ಪು. ಪ್ರತಿಬಿಂಬ ಯಾವಾಗಲೂ ಮೂಲಕ್ಕಿಂತ ಮಂದ. ನೀರನ್ನು ಆಕಾಶದಷ್ಟೇ ಬೆಳಗಿಸಿದ ಚಿತ್ರ ಕಂಡರೆ ಕಂಪ್ಯೂಟರಿನಲ್ಲಿ ಕೈಯಾಡಿಸಿದ್ದಾರೆಂದು ತಿಳಿಯಬಹುದು.

ನೀರಿನ ಒಳಗಿನ ನೀಲಿಗೂ ಅದರ ಮೇಲ್ಮೈ ಪ್ರತಿಫಲಿಸುವ ಆಕಾಶದ ನೀಲಿಗೂ ಇರುವ ವ್ಯತ್ಯಾಸವನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಕೆಲಸದ ಪ್ರಯಾಣದಲ್ಲಿದ್ದ ಭಾರತೀಯರೊಬ್ಬರು ಎಂಬುದನ್ನು ಇಲ್ಲಿ ನೆನೆಯಲೇಬೇಕು. 1921ರಲ್ಲಿ ಸಿ.ವಿ. ರಾಮನ್ ಆಕ್ಸ್‌ಫರ್ಡಿನ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆ ಕಲ್ಕತ್ತ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಹೋಗಿದ್ದರು. ನರ್ಕುಂಡ ಎಂಬ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬ ಎಂದು ಲಾರ್ಡ್ ರೇಲಿ ಹೇಳಿದ್ದರು. ರಾಮನ್ ಬಳಿ ನಿಕೋಲ್ ಪ್ರಿಸಂ ಎಂಬ ಪುಟ್ಟ ಸಾಧನವಿತ್ತು; ಸರಿಯಾದ ಕೋನದಲ್ಲಿ ಹಿಡಿದರೆ ಅದು ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ತಡೆಯುತ್ತದೆ. ಆಕಾಶದ ಬಿಂಬವನ್ನು ಹೀಗೆ ಅಳಿಸಿ ನೋಡಿದಾಗಲೂ ನೀಲಿ ಉಳಿಯಿತು, ಇನ್ನೂ ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ಅವರ ಟಿಪ್ಪಣಿ ಅದೇ ವರ್ಷ ನೇಚರ್ ಪತ್ರಿಕೆಯಲ್ಲಿ ಬಂತು. ಆ ದಾರಿಯೇ 1930ರ ನೊಬೆಲ್‌ಗೆ ಕರೆದೊಯ್ದಿತು, ಆಮೇಲಿನ ದಶಕಗಳನ್ನು ಅವರು ಬೆಂಗಳೂರಿನಲ್ಲೇ ಕಳೆದರು. ಇಂದು ಛಾಯಾಗ್ರಾಹಕರು ಲೆನ್ಸಿಗೆ ಹಾಕುವ ಪೋಲರೈಸರ್ ಗಾಜು ಆ ಪ್ರಿಸಂ ಮಾಡಿದ ಕೆಲಸವನ್ನೇ ಮಾಡುತ್ತದೆ. ಮಧ್ಯಾಹ್ನ ಪಾಂಗಾಂಗ್‌ನ ಒಳಗಿನ ನೀಲಿ ಬೇಕಿದ್ದರೆ ಅದನ್ನು ಹಾಕಿಕೊಳ್ಳಿ. ಸಂಜೆ ನಮಗೆ ಬೇಕಾದ್ದು ಮೇಲ್ಮೈ ಹೊತ್ತ ಆಕಾಶವೇ ಆದ್ದರಿಂದ ಅದನ್ನು ತೆಗೆದಿಡಬೇಕು. ಇಟ್ಟುಕೊಂಡರೆ ಬಯಸಿದ್ದನ್ನೇ ನಾವು ಅಳಿಸಿದಂತಾಗುತ್ತದೆ. ಸೂರ್ಯನ ನೇರ ಎದುರು ದಿಕ್ಕಿನ ಆಕಾಶದ ಮೇಲೆ ಅದರ ಪ್ರಭಾವವೂ ತೀರಾ ಕಡಿಮೆ.

ಬೆನ್ನು ಹಾಕಿ ನಿಲ್ಲುವ ಈ ಪಾಠ ಹೊಸದೇನಲ್ಲ. 1941ರ ನವೆಂಬರ್ 1ರ ಸಂಜೆ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಹೆದ್ದಾರಿಯಲ್ಲಿ ಕಾರು ಓಡಿಸುತ್ತಿದ್ದರು. ಅಮೆರಿಕ ಸರ್ಕಾರದ ಒಳಾಡಳಿತ ಇಲಾಖೆಗಾಗಿ ಚಿತ್ರ ತೆಗೆಯುವ ಒಪ್ಪಂದದ ಪ್ರವಾಸ ಅದು. ಹರ್ನಾಂಡೆಜ್ ಎಂಬ ಹಳ್ಳಿಯ ಬಳಿ ಪಡುವಣದ ಇಳಿಬಿಸಿಲು ಸ್ಮಶಾನದ ಶಿಲುಬೆಗಳ ಮೇಲೆ ಬಿದ್ದಿತ್ತು, ಮೂಡಣದಲ್ಲಿ ಹಿಮದ ಬೆಟ್ಟಗಳ ಮೇಲೆ ಚಂದ್ರ ಏರಿದ್ದ. ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶದ ಅಳತೆ ತಲೆಯಲ್ಲಿತ್ತು, ಅದರಿಂದಲೇ ಲೆಕ್ಕ ಹಾಕಿ ಒಂದು ನೆಗೆಟಿವ್ ತೆಗೆದರು. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಇಪ್ಪತ್ತನೆಯ ಶತಮಾನದ ಅತ್ಯಂತ ಹೆಸರಾಂತ ಭೂದೃಶ್ಯ ಚಿತ್ರಗಳಲ್ಲಿ ಒಂದಾದ ಅದರ ಹೊತ್ತನ್ನು, ಚಂದ್ರನ ಸ್ಥಾನದಿಂದ ಖಗೋಳ ಲೆಕ್ಕ ಹಾಕಿ, ಸಂಜೆ 4 ಗಂಟೆ 49 ನಿಮಿಷ ಎಂದು ಗೊತ್ತುಮಾಡಿದ್ದಾರೆ. ಸೂರ್ಯ ಮುಳುಗುವ ಹೊತ್ತಿನ ಆ ಚಿತ್ರದಲ್ಲಿ ಸೂರ್ಯನಿಲ್ಲ. ಹುಣ್ಣಿಮೆಗೆ ಒಂದೆರಡು ದಿನ ಮುಂಚಿನ ಸಂಜೆಗಳಲ್ಲಿ ಪಾಂಗಾಂಗ್‌ನಲ್ಲೂ ಹೀಗೆಯೇ, ಮೂಡಣಕ್ಕೆ ತಿರುಗಿದವರಿಗೆ ಬೆಟ್ಟದ ಮೇಲಿನ ಬೆಳಕೂ ಚಂದ್ರನೂ ಒಟ್ಟಿಗೆ ಸಿಗುತ್ತಾರೆ. ಇದಕ್ಕೂ ಮುಂಚೆ, 1863ರಿಂದ 1866ರ ನಡುವೆ ಹಿಮಾಲಯದಲ್ಲಿ ಗಾಜಿನ ಫಲಕ, ರಾಸಾಯನಿಕ, ಡೇರೆಗಳನ್ನು ಹೊರೆಯಾಳುಗಳ ಮೇಲೆ ಹೊರಿಸಿಕೊಂಡು ಅಲೆದ ಛಾಯಾಗ್ರಾಹಕ ಸ್ಯಾಮ್ಯುಯಲ್ ಬೋರ್ನ್‌ಗೆ ಈ ಅವಕಾಶವೇ ಇರಲಿಲ್ಲ. ಅವರ ಒದ್ದೆ ಕೊಲೋಡಿಯನ್ ಫಲಕಗಳು ನೀಲಿ ಬೆಳಕನ್ನಷ್ಟೇ ಕಾಣಬಲ್ಲವಾಗಿದ್ದವು. ಸಂಜೆಗೆಂಪು ಅವುಗಳ ಮೇಲೆ ಕಪ್ಪಾಗಿ ಬೀಳುತ್ತಿತ್ತು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಫೋನಿನದು. ಈಗಿನ ಫೋನುಗಳು ಒಂದರ ಮೇಲೊಂದು ಹಲವು ಚಿತ್ರ ತೆಗೆದು ಕೂಡಿಸುತ್ತವೆ, ಸೂರ್ಯನನ್ನೂ ನೆರಳನ್ನೂ ಒಟ್ಟಿಗೆ ಹಿಡಿಯುತ್ತವೆ. ಹೀಗಿರುವಾಗ ಸ್ಟಾಪ್‌ಗಳ ಲೆಕ್ಕ ಯಾರಿಗೆ ಬೇಕು ಎಂದು ಕೇಳಬಹುದು. ಕೂಡಿಸುವ ಶಕ್ತಿ ಇರುವುದು ನಿಜ. ಆದರೆ ಆ ಯಂತ್ರ ನೆರಳನ್ನು ಎತ್ತಿ, ಬೆಳಕನ್ನು ತಗ್ಗಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಸಂಜೆಯ ಸಂಜೆತನ ಇರುವುದು ಬೆಳಕು-ನೆರಳಿನ ಏರಿಳಿತದಲ್ಲಿ. ಇನ್ನೊಂದು ತೊಂದರೆ ಬಣ್ಣದ್ದು. ದೃಶ್ಯದಲ್ಲಿ ಒಂದು ಬಣ್ಣ ಹೆಚ್ಚಾಗಿದ್ದರೆ ಅದು ದೀಪದ ದೋಷವೆಂದು ಊಹಿಸಿ ತಿದ್ದುವುದು ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್‌ನ ಕೆಲಸ. ಮೂಡಣದ ನಸುಗೆಂಪು ಅದರ ಕಣ್ಣಿಗೆ ತಿದ್ದಬೇಕಾದ ತಪ್ಪು. ಮುಸ್ಸಂಜೆಯ ನೀಲಿಯೂ ತಪ್ಪೇ. ಫೋನಿನ ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸನ್ನು ಹಗಲಿನ ಬೆಳಕಿಗೆ, ಎಂದರೆ 5,200ರಿಂದ 5,500 ಕೆಲ್ವಿನ್‌ಗೆ ಕಟ್ಟಿಹಾಕಿ, ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್ ತಗ್ಗಿಸಿದರೆ ಈ ಎರಡೂ ತೊಂದರೆ ಬಹುಪಾಲು ತೀರುತ್ತದೆ. ಸಾಧ್ಯವಿದ್ದರೆ ರಾ ಕಡತದಲ್ಲಿ ತೆಗೆಯಿರಿ. ಊರಿಗೆ ಬಂದ ಮೇಲೆ ತಿದ್ದುವ ಅಧಿಕಾರ ನಿಮ್ಮ ಕೈಯಲ್ಲೇ ಉಳಿಯುತ್ತದೆ. ನಮ್ಮ ವಾದ ಫೋನಿನ ವಿರುದ್ಧವಲ್ಲ; ಸೂರ್ಯನಿಗೆ ಬೆನ್ನು ಹಾಕುವ ಉಪಾಯದಿಂದ ಹೆಚ್ಚು ಲಾಭವಾಗುವುದು ಫೋನು ಹಿಡಿದವರಿಗೇ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಪಡುವಣದಲ್ಲಿ ಮೋಡಗಳಿದ್ದರೆ ಅವೇ ಉರಿಯುವಂತೆ ಕೆಂಪಾಗುತ್ತವಲ್ಲ, ಆಗಲೂ ಬೆನ್ನು ಹಾಕಬೇಕೆ? ಆಗ ಹಾಕಬಾರದು ಎಂಬುದೇ ಉತ್ತರ. ಎತ್ತರದ ತೆಳುಮೋಡ ಬಾನಿನಲ್ಲಿದ್ದರೆ ಪಶ್ಚಿಮವೇ ಚಿತ್ರದ ಕೇಂದ್ರವಾಗಬಹುದು. ಆದರೆ ವಾದದ ಇನ್ನೊಂದು ಅರ್ಧ ಆಗಲೂ ನಿಲ್ಲುತ್ತದೆ: ಹತ್ತು ಕಿಲೋಮೀಟರ್ ಎತ್ತರದ ಮೋಡಕ್ಕೆ ಸೂರ್ಯ ದಿಗಂತದಿಂದ ಸುಮಾರು ಮೂರು ಡಿಗ್ರಿ ಕೆಳಗಿಳಿಯುವವರೆಗೂ ಬೆಳಕು ಸಿಗುತ್ತದೆ. ಅದರ ಅತ್ಯಂತ ಕೆಂಪಾದ ಗಳಿಗೆ ಬರುವುದು ಲೆಕ್ಕದ ಸೂರ್ಯಾಸ್ತದ ನಂತರದ ಕಾಲು ಗಂಟೆಯಲ್ಲಿ, ಬೆಟ್ಟದ ಹಿಂದೆ ಸೂರ್ಯ ಮರೆಯಾಗಿ ಬಹಳ ಹೊತ್ತಾದ ಮೇಲೆ. ಲಡಾಖ್ ಮಳೆಯ ನೆರಳಿನ ನಾಡು. ಲೇಹ್‌ಗೆ ವರ್ಷಕ್ಕೆ ಬೀಳುವ ಮಳೆ ನೂರು ಮಿಲಿಮೀಟರಿನ ಆಸುಪಾಸು. ಮೋಡದ ಓಕುಳಿಯನ್ನು ನಂಬಿಕೊಂಡು ಒಂದೇ ಒಂದು ಸಂಜೆಯನ್ನು ಪಣಕ್ಕಿಡುವುದು ಬುದ್ಧಿವಂತಿಕೆಯಲ್ಲ.

ಗಾಳಿಯ ವಿಷಯವನ್ನೂ ಎತ್ತುವವರಿದ್ದಾರೆ. ಮಧ್ಯಾಹ್ನದಿಂದ ಪಾಂಗಾಂಗ್ ಮೇಲೆ ಗಾಳಿ ಬೀಸುತ್ತದೆ, ನೀರು ಕನ್ನಡಿಯಾಗುವುದು ನಸುಕಿನಲ್ಲಿ, ಆದ್ದರಿಂದ ಬೆಳಗ್ಗೆಯೇ ಮೇಲು ಎನ್ನುತ್ತಾರೆ. ನಿಶ್ಚಲ ಪ್ರತಿಬಿಂಬವೊಂದೇ ಗುರಿಯಾದರೆ ಅವರ ಮಾತನ್ನು ಒಪ್ಪಬಹುದು. ಆದರೆ ಬೆಳಗಿನ ಸೂರ್ಯ ಎದುರು ದಂಡೆಯ ಹಿಂದಿನಿಂದ ಏಳುತ್ತಾನೆ. ಹಳ್ಳಿಗಳ ಕಡೆಯಿಂದ ನೀರಿನತ್ತ ನೋಡುವವರಿಗೆ ಮತ್ತದೇ ಎದುರುಬೆಳಕಿನ ತೊಡಕು. ಅಲೆಗಳಿದ್ದರೂ ಸಂಜೆಯ ನೀರು ಬಣ್ಣ ಬಿಡುವುದಿಲ್ಲ. ಪ್ರತಿಯೊಂದು ಅಲೆಯ ಓರೆ ಮುಖ ಆಕಾಶದ ಇನ್ನಷ್ಟು ಮೇಲಿನ ಭಾಗವನ್ನು ಹಿಡಿದು ತೋರಿಸುತ್ತದೆ, ಹಾಗಾಗಿ ಬೆಟ್ಟದ ಬಿಂಬ ಒಡೆದರೂ ನಸುಗೆಂಪು, ನೀಲಿಯ ಪಟ್ಟೆಗಳು ಉದ್ದುದ್ದಕ್ಕೆ ಚಾಚಿ ನಿಲ್ಲುತ್ತವೆ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು, ಟ್ರೈಪಾಡ್ ಇಲ್ಲದಿದ್ದರೆ ಬಂಡೆಯ ಮೇಲೆ ಆನಿಸಿಟ್ಟು, ಹದಿನೈದು-ಮೂವತ್ತು ಸೆಕೆಂಡು ತೆರೆದಿಟ್ಟರೆ ಆ ಪಟ್ಟೆಗಳು ನಯವಾಗಿ ಬೆರೆಯುತ್ತವೆ. ಚಳಿಗೆ ಬ್ಯಾಟರಿಗಳು ಬೇಗ ಸೋಲುತ್ತವೆ, ಹೆಚ್ಚುವರಿ ಒಂದನ್ನು ಅಂಗಿಯ ಒಳಜೇಬಿನಲ್ಲಿಡಿ.

ಕೊನೆಯ ಆಕ್ಷೇಪವನ್ನು ನಾನು ಎಲ್ಲಕ್ಕಿಂತ ಗೌರವದಿಂದ ಕಾಣುತ್ತೇನೆ: ಕೆಲಸಕ್ಕೆ ಬಂದವರಿಗೆ ಕತ್ತಲಾಗುವವರೆಗೆ ಕಾಯುವ ಸ್ವಾತಂತ್ರ್ಯ ಎಲ್ಲಿದೆ? ಲೇಹ್‌ಗೆ ಹಿಂದಿರುಗುವ ದಾರಿ 5,300 ಮೀಟರ್ ದಾಟುವ ಚಾಂಗ್ ಲಾ ಕಣಿವೆಯ ಮೇಲೆ ಹೋಗುತ್ತದೆ. ರಾತ್ರಿ ರಸ್ತೆಯ ಮೇಲಿನ ನೀರು ಮಂಜುಗಡ್ಡೆಯಾಗುತ್ತದೆ, ಚಾಲಕನೂ ಬೆಳಗಿನಿಂದ ದಣಿದಿರುತ್ತಾನೆ. ಅಂದೇ ಮರಳಬೇಕಾದವರು ಹೊತ್ತಿಗೆ ಸರಿಯಾಗಿ ಹೊರಡಲೇಬೇಕು. ಯಾವ ಚಿತ್ರವೂ ಒಬ್ಬ ಚಾಲಕನ ಜೀವಕ್ಕೆ ಸಮವಲ್ಲ. ಈ ಲೇಖನದ ಮಾತು ದಂಡೆಯ ಹಳ್ಳಿಯಲ್ಲಿ ರಾತ್ರಿ ತಂಗುವವರಿಗೆ. ಅವರೂ ಲೇಹ್‌ನಲ್ಲಿ ಕನಿಷ್ಠ ಎರಡು ದಿನ ವಿಶ್ರಮಿಸಿ ಎತ್ತರಕ್ಕೆ ಒಗ್ಗಿಕೊಂಡ ಮೇಲೆಯೇ ಬರಬೇಕು. ತಲೆನೋವು, ವಾಂತಿ ಶುರುವಾದರೆ ಕ್ಯಾಮೆರಾ ಮುಚ್ಚಿ ಕೆಳಗಿಳಿಯುವುದೇ ಸರಿ. ಇದು ಗಡಿಯ ಸರೋವರವೂ ಹೌದು. 134 ಕಿಲೋಮೀಟರ್ ಉದ್ದದ ಈ ನೀರಿನ ಮೇಲೆಯೇ ವಾಸ್ತವ ನಿಯಂತ್ರಣ ರೇಖೆ ಹಾದುಹೋಗುತ್ತದೆ. ಅನುಮತಿಯಿಲ್ಲದೆ ಡ್ರೋನ್ ಹಾರಿಸುವುದು, ಸೇನಾ ನೆಲೆಗಳತ್ತ ಲೆನ್ಸ್ ತಿರುಗಿಸುವುದು ಅಪರಾಧಕ್ಕೆ ದಾರಿ. 2009ರಲ್ಲಿ ತ್ರೀ ಈಡಿಯಟ್ಸ್ ಸಿನಿಮಾದ ಕೊನೆಯ ದೃಶ್ಯ ಇಲ್ಲಿ ಮೂಡಿದ ಮೇಲೆ ಬರುವವರ ಸಂಖ್ಯೆ ಏರಿತು. ಚಿತ್ರಕ್ಕಾಗಿ ವಾಹನಗಳನ್ನು ನೀರಿಗೇ ಇಳಿಸುವ ಕೆಟ್ಟ ಚಾಳಿಯೂ ಬಂತು. ಈ ಸರೋವರದಿಂದ ನೀರು ಹೊರಹರಿಯುವ ದಾರಿಯಿಲ್ಲ. ಅದಕ್ಕೆ ಬಿದ್ದ ಎಣ್ಣೆ, ಪ್ಲಾಸ್ಟಿಕ್ ಅಲ್ಲೇ ಉಳಿಯುತ್ತದೆ. ಸೂರ್ಯನಿಗೆ ಬೆನ್ನು ಹಾಕುವ ಚಿತ್ರಕ್ಕೆ ಕಾರೂ ಬೇಡ, ವೇದಿಕೆಯೂ ಬೇಡ. ಮಂಡಿಯೂರಲು ಒಂದು ಗಜ ಜಾಗ ಸಾಕು.

ಇಷ್ಟನ್ನು ಒಪ್ಪಿದರೆ ಉಳಿಯುವುದು ವೇಳಾಪಟ್ಟಿಯ ಪ್ರಶ್ನೆ, ಅದು ಕಚೇರಿಗಳ ಕೈಯಲ್ಲಿದೆ. ಸಿಬ್ಬಂದಿಯನ್ನು ಇಂತಹ ಜಾಗಗಳಿಗೆ ಕಳಿಸುವವರು ಸಂಜೆಯ ಕೊನೆಯ ಸಭೆಯನ್ನು ಒಂದು ಗಂಟೆ ಮುಂಚೆಯೇ ಮುಗಿಸಿ, ರಾತ್ರಿ ತಂಗಲು ದಂಡೆಯ ಹಳ್ಳಿಯಲ್ಲೇ ವ್ಯವಸ್ಥೆ ಮಾಡಿದರೆ ಖರ್ಚೇನೂ ಹೆಚ್ಚಾಗದು. ಕಷ್ಟದ ಊರಿನಲ್ಲಿ ದುಡಿದವರಿಗೆ ಅಷ್ಟಾದರೂ ಸಲ್ಲಬೇಕು. ಹೋಗುವವರು ಮಧ್ಯಾಹ್ನವೇ ದಂಡೆಗೊಮ್ಮೆ ಬಂದು, ತೋಳು ಚಾಚಿ ಪಡುವಣದ ಬೆಟ್ಟವನ್ನು ಮುಷ್ಟಿಯಲ್ಲಿ ಅಳೆದು, ಮೂಡಣ-ಆಗ್ನೇಯದ ಕಡೆ ನೀರು ತೆರೆದುಕೊಳ್ಳುವ ಜಾಗವನ್ನು ಗುರುತಿಟ್ಟುಕೊಳ್ಳಿ. ಜೂನ್ ಕೊನೆಯಲ್ಲಿ ಹೋಗುವುದಾದರೆ ರಾತ್ರಿಯ ಊಟವನ್ನು ಎಂಟು ಗಂಟೆಯ ನಂತರಕ್ಕೆ ಇಟ್ಟುಕೊಳ್ಳಿ.